ಅರವತ್ತು ದಿನದ ಕೀಲಿ

ನಮ್ಮ ಕಡೆ ಸರ್ಕಾರಿ ನೌಕರನ ಹೆಂಡತಿಯಾದವಳು ಮಾಲಕಿಯಾಗಲು ಹೆಚ್ಚು ಕಷ್ಟಪಡಬೇಕಾಗಿಲ್ಲ. ನೌಕರಿಯಲ್ಲಿದ್ದವನು ಬೇರೆ ದಂಧೆ ಮಾಡಬಾರದು ಎಂಬ ನಿಯಮವಿದೆಯಲ್ಲ, ಅದರ ದೆಸೆಯಿಂದ ಮಾಸ್ತರ ಹಿಡಿದ ವಿಮೆ ಏಜೆನ್ಸಿ, ಲೈನ್‌ಮನ್ ಕೊಂಡ ಟಂಟಂ ಗಾಡಿ, ಕಾರಕೂನ ಹಾಕಿದ ಹಿಟ್ಟಿನ ಗಿರಣಿ ಎಲ್ಲವೂ ಹೆಂಡತಿಯ ಹೆಸರಿನಲ್ಲಿರುತ್ತವೆ. ಗಂಡ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡಿದರೆ ಅವಳ ಮಾಲಕಿತನ ಮುಗಿಯಿತು. ಭಾಲ್ಕಿ ಬಸ್ ನಿಲ್ದಾಣದ ಎದುರು ನನ್ನದೊಂದು ಕಂಪ್ಯೂಟರ್ ಅಂಗಡಿ ಇದೆ. ಹದಿನಾಲ್ಕು ವರ್ಷದಲ್ಲಿ ಇಂಥ ಮಾಲಕಿಯರ ಅರ್ಜಿ ಎಷ್ಟು ತುಂಬಿದ್ದೇನೋ ನನಗೇ ನೆನಪಿಲ್ಲ. ಅರ್ಜಿ ಹಿಡಿದು ಬರುವವನು ಯಾವಾಗಲೂ ಗಂಡನೇ.

ಪಂಢರಿ ಕಾಕಾ ಹಾಗೆ ಬಂದವರಲ್ಲಿ ಒಬ್ಬರು. ಔರಾದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಕಿಟಕಿಯ ಹಿಂದೆ ಕುಳಿತು ಬಸ್ ಬಂದ ಹೊತ್ತು, ಬಿಟ್ಟ ಹೊತ್ತು ಬರೆದುಕೊಳ್ಳುವುದು, ಮೈಕಿನಲ್ಲಿ ಊರಿನ ಹೆಸರು ಕೂಗುವುದು ಅವರ ಕೆಲಸ. ಮನೆ ಮಾತ್ರ ಭಾಲ್ಕಿಯಲ್ಲಿ, ನನ್ನ ಅಂಗಡಿಯ ಹಿಂದಿನ ಓಣಿಯಲ್ಲಿ. ಒಂಬತ್ತು ವರ್ಷದ ಹಿಂದೆ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಬೀದರ, ಭಾಲ್ಕಿ, ಔರಾದ ಮೂರೂ ಕಡೆಯ ಹಳ್ಳಿ ಬಸ್ಸುಗಳ ವೇಳೆಯನ್ನೆಲ್ಲ ಒಂದು ವೆಬ್‌ಸೈಟಿನಲ್ಲಿ ಹಾಕಬೇಕು ಎಂದು. ಹೆಸರನ್ನೂ ಅವರೇ ಹುಡುಕಿದರು: ಬಸ್‌ಬಂತು ಡಾಟ್ ಕಾಮ್. ನಾನು ಮಾಡಿಕೊಟ್ಟೆ. ನೌಕರಿಯ ಅಂಜಿಕೆಗೆ ಆ ಹೆಸರನ್ನು ಹೆಂಡತಿ ಶಾಲುಬಾಯಿಯವರ, ಅಂದರೆ ನಮ್ಮ ಶಾಲು ಕಾಕುವಿನ, ಹೆಸರಿನಲ್ಲಿ ನೋಂದಾಯಿಸಿದೆವು. ಮಾಲಕರ ಮೊಬೈಲ್ ನಂಬರ್ ಬೇಕು ಅಂದಾಗ ಕಾಕುವಿನ ನಂಬರನ್ನೇ ಕೊಟ್ಟರು. ಅದೇ ನಂಬರ್ ವೆಬ್‌ಸೈಟಿನ ತಲೆಯ ಮೇಲೂ ಹೋಯಿತು.

ಆಮೇಲೆ ಆದದ್ದನ್ನು ನಾವು ಯಾರೂ ಅಂದುಕೊಂಡಿರಲಿಲ್ಲ. ಕಾಕಾ ಒಬ್ಬ ಪೇಂಟರನನ್ನು ಕರೆದುಕೊಂಡು ರಜೆಯ ದಿನ ಊರೂರು ತಿರುಗಿ, ಬಸ್ ತಂಗುದಾಣದ ಗೋಡೆಗಳ ಮೇಲೆ ನೀಲಿ ಬಣ್ಣದಲ್ಲಿ ವೆಬ್‌ಸೈಟಿನ ಹೆಸರು, ಕೆಳಗೆ ಫೋನ್ ನಂಬರ್ ಬರೆಸಿದರು. ಅರವತ್ತೆಂಟು ಹಳ್ಳಿ. ಖಟಕ ಚಿಂಚೋಳಿಯಿಂದ ಕೂಲಿಗೆ ಹೋಗುವ ಹೆಣ್ಣುಮಕ್ಕಳು ವೆಬ್‌ಸೈಟು ಯಾಕೆ ತೆರೆಯುತ್ತಾರೆ? ಅವರು ನಂಬರಿಗೆ ಫೋನ್ ಮಾಡಿದರು. ಶಾಲು ಕಾಕು ಎತ್ತಿದರು. ಗೊತ್ತಿದ್ದದ್ದನ್ನು ಹೇಳಿದರು, ಗೊತ್ತಿಲ್ಲದ್ದನ್ನು ಕಂಡಕ್ಟರಿಗೆ ಫೋನ್ ಮಾಡಿ ಕೇಳಿ, ತಿರುಗಿ ಫೋನ್ ಮಾಡಿ ಹೇಳಿದರು. ಕಾಕು ಓದಿದ್ದು ಏಳನೆಯ ಇಯತ್ತೆ. ವರ್ಷ ಎರಡು ವರ್ಷದಲ್ಲಿ ಮೂರು ತಾಲೂಕಿನ ಬಸ್ಸುಗಳು ಅವರಿಗೆ ಬಾಯಿಪಾಠವಾದವು. ಯಾವ ಬಸ್ ಸೋಮವಾರ ಸಂತೆಗಾಗಿ ಸುತ್ತು ಹಾಕುತ್ತದೆ, ಯಾವುದು ಸಾಲಿ ರಜೆ ಇದ್ದರೆ ಬರುವುದಿಲ್ಲ, ಎಲ್ಲ. ವೇಳೆ ಬದಲಾದಾಗೊಮ್ಮೆ ನನ್ನ ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕುಳಿತು, ಒಂದೊಂದಾಗಿ ಹೇಳುತ್ತಿದ್ದರು. ನಾನು ಟೈಪ್ ಮಾಡುತ್ತಿದ್ದೆ. ಕಾಕಾ ಬಂದಾಗ ಮಾಡುತ್ತಿದ್ದ ಕೆಲಸವೆಂದರೆ, ಇವತ್ತು ಎಷ್ಟು ಜನ ನೋಡಿದ್ದಾರೆ ಎಂದು ಕೇಳುವುದು.

ಇದೆಲ್ಲ ಹೀಗೇ ನಡೆಯುತ್ತಿತ್ತು. ಕೆಡಿಸಿದ್ದು ಹಬೀಬ ಸಾಹೇಬರ ಕಣ್ಣು.

ವೆಬ್‌ಸೈಟಿನ ಹೆಸರನ್ನು ಕೊಂಡು ಕಪಾಟಿನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ. ವರ್ಷ ವರ್ಷ ಬಾಡಿಗೆ ಕಟ್ಟಬೇಕು. ಆ ಬಾಡಿಗೆ ತೆಗೆದುಕೊಂಡು, ಈ ಹೆಸರು ಇಂಥವರದು ಎಂದು ಬರೆದಿಡುವ ಕಂಪನಿಗಳಿವೆ. ಅವುಗಳ ಕೈಕೆಳಗೆ ಊರೂರಲ್ಲಿ ಏಜೆಂಟರು. ಬೀದರಿನ ನೌಬಾದದಲ್ಲಿ ಹಬೀಬ ಸಾಹೇಬರು ಅಂಥ ಏಜೆಂಟರು. ನನ್ನ ಗಿರಾಕಿಗಳ ಹೆಸರೆಲ್ಲ ಅವರ ಹತ್ತಿರ ಇದ್ದವು. ಈ ಮೇ ತಿಂಗಳಲ್ಲಿ ಅವರು ಎಲ್ಲರಿಗೂ ಫೋನ್ ಮಾಡಿದರು. ಕಣ್ಣು ಕೈಕೊಟ್ಟಿವೆ, ಜುಲೈ ಕೊನೆಗೆ ದುಕಾನ ಬಂದ್, ಅಷ್ಟರೊಳಗೆ ನಿಮ್ಮ ನಿಮ್ಮ ಹೆಸರು ಬೇರೆ ಕಂಪನಿಗೆ ಒಯ್ಯಿರಿ. ಒಯ್ಯದವರ ಹೆಸರು ಮೇಲಿನ ಕಂಪನಿಯ ವಶಕ್ಕೆ ಹೋಗುತ್ತದೆ. ಅದು ಯಾವ ದೇಶದಲ್ಲಿದೆಯೋ, ಫೋನ್ ಮಾಡಿದರೆ ಎತ್ತುವವರಿಲ್ಲ. ಹಬೀಬ ಸಾಹೇಬರು ಹೊಸದಾಗಿ ಬಾಡಿಗೆ ಕಟ್ಟಿಸಿಕೊಳ್ಳುವುದನ್ನೂ ಆ ಕಂಪನಿ ನಿಲ್ಲಿಸಿಬಿಟ್ಟಿತ್ತು. ಹೆಸರು ಹೊರಗೆ ಕಳಿಸುವುದಷ್ಟೇ ಅವರ ಕೈಯಲ್ಲಿ ಉಳಿದಿತ್ತು.

ಬಸ್‌ಬಂತು ಹೆಸರಿನ ಬಾಡಿಗೆ ಆಗಸ್ಟ್ ಹತ್ತಕ್ಕೆ ಮುಗಿಯುವುದಿತ್ತು. ಅಷ್ಟರಲ್ಲಿ ಹೊಸ ಕಂಪನಿ ಸೇರದಿದ್ದರೆ ಹೆಸರು ಕೈಬಿಟ್ಟು ಹೋಗಬಹುದು, ಬೇಕಾದವರು ಎತ್ತಿಕೊಳ್ಳಬಹುದು. ಬೇರೆ ಹೆಸರು ಇಟ್ಟರಾಯಿತು ಎನ್ನೋಣವೆಂದರೆ ಅರವತ್ತೆಂಟು ಗೋಡೆಗಳಿದ್ದವು. ಪೇಂಟರ್ ಆಗಲೇ ತೀರಿಕೊಂಡಿದ್ದ.

ಜೂನ್ ಮೊದಲ ವಾರ ಹೊಸ ಕಂಪನಿ ಹುಡುಕಲು ಕುಳಿತೆವು. ನಾನು ಮೂರನ್ನು ಆರಿಸಿ ಇಟ್ಟಿದ್ದೆ. ಮೊದಲನೆಯದು ಮೊದಲ ವರ್ಷ ಪುಕ್ಕಟೆ ಅನ್ನುವಷ್ಟು ಸೋವಿ, ಎರಡನೆಯ ವರ್ಷ ಮೂರು ಪಟ್ಟು. ಇಂಥ ಲೆಕ್ಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ, ಆದರೆ ಗಿರಾಕಿಗಳು ಬೀಳುವುದು ಅದಕ್ಕೇ. ಎರಡನೆಯದು ದೊಡ್ಡ ಹೆಸರಿನ ಕಂಪನಿ. ಕೇಳಿದ್ದು ಒಂದಾದರೆ ತಲೆಗೆ ಕಟ್ಟುವುದು ನಾಲ್ಕು. ಮೂರನೆಯದಕ್ಕೆ ಜಾಹೀರಾತೂ ಇಲ್ಲ, ರಿಯಾಯಿತಿಯೂ ಇಲ್ಲ, ಪ್ರತಿ ವರ್ಷ ಒಂದೇ ದರ.

ಕಾಕಾ ತಮ್ಮ ಪದ್ಧತಿಯಲ್ಲಿ ಪರೀಕ್ಷೆ ಮಾಡಿದರು. ಮೂವರಿಗೂ ಫೋನ್ ಹಚ್ಚಿ, ಗಡಿಯಾರ ನೋಡುತ್ತ, ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರು. ದೊಡ್ಡ ಕಂಪನಿಯವರು ಅರ್ಧ ನಿಮಿಷದಲ್ಲಿ ಎತ್ತಿದರು. "ಇದೇ ಛಲೋ ಅದ ನೋಡು," ಅಂದರು ಕಾಕಾ.

ಕಾಕು ಅವತ್ತು ಮೆಹಕರದ ಬಸ್ಸಿನ ಹೊಸ ವೇಳೆ ಹೇಳಲು ಬಂದು ಕುಳಿತಿದ್ದರು. ಮೆಹಕರ ಅವರ ತವರು; ಅಲ್ಲಿನ ಬಸ್ ಎಂದರೆ ಉಳಿದ ಬಸ್ಸುಗಳಿಗಿಂತ ಒಂದು ಗುಲಗಂಜಿ ಹೆಚ್ಚು. "ಜರಾ ತಡೀರಿ," ಅಂದರು. "ನಾ ಒಂದು ಕೇಳ್ತೇನಿ."

ಫೋನು ತೆಗೆದುಕೊಂಡು, ಮೂವರಿಗೂ ತಮ್ಮ ಹಿಂದಿಯಲ್ಲಿ ಒಂದೇ ಪ್ರಶ್ನೆ ಕೇಳಿದರು: ನಾಳೆ ನಿಮ್ಮನ್ನು ಬಿಟ್ಟು ಬೇರೆ ಕಡೆ ಹೋಗಬೇಕೆಂದರೆ ಹೇಗೆ ಬಿಡುತ್ತೀರಿ? ಮೊದಲ ಕಂಪನಿಯವನು ಸಂಗೀತ ಹಚ್ಚಿ ಹೋದವನು ತಿರುಗಿ ಬರಲಿಲ್ಲ. ದೊಡ್ಡ ಕಂಪನಿಯ ಹುಡುಗಿ, ಬಿಟ್ಟು ಯಾಕೆ ಹೋಗುತ್ತೀರಿ ಮೇಡಂ ಎಂದು ಶುರುಮಾಡಿ ಐದು ನಿಮಿಷ ರಮಿಸಿದಳು, ಉತ್ತರ ಬರಲಿಲ್ಲ. ಮೂರನೆಯವನು ಸ್ವಲ್ಪ ಒರಟ. ನಿಮ್ಮ ಖಾತೆಯಲ್ಲಿ ಹೆಸರಿಗೆ ಕೀಲಿ ಹಾಕಿರುತ್ತದೆ, ನೀವೇ ತೆಗೆಯಿರಿ, ಒಂದು ಗುಪ್ತಸಂಖ್ಯೆ ಬರುತ್ತದೆ, ಅದನ್ನು ಹೊಸ ಕಂಪನಿಗೆ ಕೊಡಿ. ನಮ್ಮಲ್ಲಿಗೆ ಬಂದ ಮೇಲೆ ಮೊದಲ ಅರವತ್ತು ದಿನ ಮಾತ್ರ ಎಲ್ಲಿಗೂ ಹೋಗಲು ಬರುವುದಿಲ್ಲ, ಅದು ಎಲ್ಲ ಕಡೆಯ ನಿಯಮ, ಇನ್ನೇನಾದರೂ ಕೇಳುವುದಿದೆಯೇ, ಅಂದ.

"ಇವರ ಕಡಿನೇ ಹೋಗೂಣು," ಅಂದರು ಕಾಕು. "ಬಸ್ ಹತ್ತೂದು ಎಲ್ಲಾರಿಗೂ ತಿಳೀತದ. ಇಳಿಯೂ ಬಾಗಲ ಎಲ್ಲಿ ಅದ ಅಂತ ಮೊದಲ ನೋಡಬೇಕು."

ಕಾಕಾ ಚೀಟಿ ಹರಿದು ಹಾಕಿದರು. ಹದಿನಾಲ್ಕು ವರ್ಷ ಇದೇ ದಂಧೆಯಲ್ಲಿದ್ದ ನನಗೆ ಒಮ್ಮೆಯೂ ಆ ಪ್ರಶ್ನೆ ಹೊಳೆದಿರಲಿಲ್ಲ. ಮೂರನೆಯ ಕಂಪನಿಯೇ ಗಟ್ಟಿಯಾಯಿತು. ಜೂನ್ ಮೂವತ್ತಕ್ಕೆ ಕಾಕಾ ರಿಟೈರ್ ಆಗುವವರಿದ್ದರು, ಅದರ ಗದ್ದಲ ಮುಗಿದ ಮೇಲೆ ಹೆಸರು ಸಾಗಿಸೋಣ, ಇನ್ನೂ ಬೇಕಾದಷ್ಟು ದಿನ ಇವೆ ಎಂದುಕೊಂಡೆವು.

ಜೂನ್ ಇಪ್ಪತ್ತೆಂಟು ಭಾನುವಾರ. ಕಾಕಾ ಒಬ್ಬರೇ ಬಂದರು. ಕೈಯಲ್ಲಿ ಎರಡು ಮೊಬೈಲು, ಒಂದು ಅವರದು, ಇನ್ನೊಂದು ಕಾಕುವಿನದು.

"ಆಕಿ ಬುದ್ಧ ವಿಹಾರಕ್ಕ ವಂದನಾಕ್ಕ ಹೋಗ್ಯಾಳ," ಅಂದರು. "ಮಗ್ಗಲಮನಿಯವರ ಸಂಗಟ ಮಾತಾಡಕೋತ ಫೋನ್ ಬಿಟ್ಟು ಹೋಗ್ಯಾಳ. ಛಲೋನೇ ಆತು. ಏ ನಂದು, ಈ ಬಸ್‌ಬಂತು ನನ್ನ ಹೆಸರಿಗಿ ಮಾಡಿಬಿಡು. ನಾಡಿದ್ದಿನಿಂದ ನನಗ ಯಾರ ಅಂಜಿಕಿ?"

ನಾನು ತಲೆ ಎತ್ತಲಿಲ್ಲ. ನಂದಕುಮಾರ ಎಂಬ ನನ್ನ ಹೆಸರನ್ನು ನಂದು ಎಂದು ಕರೆಯುವಷ್ಟು ಹತ್ತಿರದವರು, ಬಾಲ್ಯದಿಂದ ನೋಡಿದವರು. ಅವರು ಆಗಲೇ ಪರಿಚಯದ ಕಾರ್ಡನ್ನೂ ಅಚ್ಚು ಹಾಕಿಸಿ ತಂದಿದ್ದರು. ಸಂಸ್ಥಾಪಕರು ಮತ್ತು ಮಾಲಕರು, ಬಸ್‌ಬಂತು ಡಾಟ್ ಕಾಮ್. ನೂರು ಕಾರ್ಡು, ಹೊಳೆಯುವ ಕಾಗದ. ಬೀಳ್ಕೊಡುಗೆಯ ದಿನ ಹಂಚಲು.

ಹಬೀಬ ಸಾಹೇಬರ ಖಾತೆ ತೆರೆದು, ಶಾಲುಬಾಯಿ ಎಂದಿದ್ದದ್ದನ್ನು ಅಳಿಸಿ ಪಂಢರಿ ಎಂದು ಬರೆದೆ. ಹಳೆಯ ಮಾಲಕರಿಗೆ ಒಂದು ಪತ್ರ ಹೋಯಿತು: ಈ ಬದಲಾವಣೆಗೆ ನಿಮ್ಮ ಒಪ್ಪಿಗೆ ಇದೆಯೇ? ಪತ್ರ ಬಂದದ್ದು ಮೇಜಿನ ಮೇಲಿದ್ದ ಕಾಕುವಿನ ಮೊಬೈಲಿಗೆ. ಕಾಕಾ ಅದನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು, "ಒಪ್ಪಿಗೆ ಇದೆ" ಎಂಬುದನ್ನು ಒತ್ತಿದರು. ಹೊಸ ಮಾಲಕರಿಗೂ ಪತ್ರ ಬಂತು. ಅದನ್ನೂ ಒತ್ತಿದರು. ಒಟ್ಟು ಏಳು ನಿಮಿಷ. ಹಾಳೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಪಕ್ಕದಲ್ಲೊಂದು ಚೌಕ. ಝೆರಾಕ್ಸಿಗೆ ಜನ ನಿಂತಿದ್ದರು. ನಾನು ಓದಲಿಲ್ಲ.

ಬೀಳ್ಕೊಡುಗೆ ಔರಾದದಲ್ಲಿ ಆಯಿತು. ಶಾಲು, ಹಾರ, ಸೇಬಿನ ಬುಟ್ಟಿ, ನಾಲ್ಕು ಭಾಷಣ. ಒಬ್ಬರು ಕಾಕಾನನ್ನು ಹೊಗಳುತ್ತ, ಹಳ್ಳಿ ಹಳ್ಳಿಗೆ ಬಸ್ಸಿನ ವೇಳೆ ಮುಟ್ಟಿಸಿದ ಮಹಾನುಭಾವ ಅಂದರು. ಕಾಕು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಆ ಭಾಷಣದ ನಡುವೆಯೇ ಅವರ ಫೋನು ಎರಡು ಸಲ ರಿಂಗಾಯಿತು. ಸೆರಗು ಬಾಯಿಗೆ ಅಡ್ಡ ಹಿಡಿದು ಮೆಲ್ಲಗೆ ಉತ್ತರ ಹೇಳಿದರು. ಕಾರ್ಡು ಹಂಚುತ್ತ ಬಂದವರು ಅವರಿಗೂ ಒಂದು ಕೊಟ್ಟರು. ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದುದನ್ನು ನಾನು ಹಿಂದಿನಿಂದ ನೋಡಿದೆ. ಓದಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡರು.

ಜುಲೈ ಆರಕ್ಕೆ ಹೆಸರು ಸಾಗಿಸಲು ಕುಳಿತೆ. ಆಗಲಿಲ್ಲ. ಮಾಲಕರು ಇತ್ತೀಚೆಗೆ ಬದಲಾಗಿದ್ದಾರೆ, ಆದ್ದರಿಂದ ಅರವತ್ತು ದಿನ, ಆಗಸ್ಟ್ ಇಪ್ಪತ್ತೇಳರ ತನಕ ಈ ಹೆಸರು ಎಲ್ಲಿಗೂ ಹೋಗುವಂತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಬಂತು. ನಾನು ಓದದೆ ಬಿಟ್ಟ ಸಣ್ಣ ಅಕ್ಷರ ಅದೇ. ಆ ಚೌಕದಲ್ಲಿ ಒಂದು ಗುರುತು ಹಾಕಿದ್ದರೆ ಕೀಲಿ ಬೀಳುತ್ತಿರಲಿಲ್ಲ. ದುಕಾನ ಮುಚ್ಚುವುದು ಜುಲೈ ಮೂವತ್ತೊಂದು, ಬಾಡಿಗೆ ಮುಗಿಯುವುದು ಆಗಸ್ಟ್ ಹತ್ತು, ಕೀಲಿ ತೆಗೆಯುವುದು ಆಗಸ್ಟ್ ಇಪ್ಪತ್ತೇಳು. ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಅವತ್ತು ಝೆರಾಕ್ಸಿಗೆ ಬಂದ ಇಬ್ಬರನ್ನು ಸುಮ್ಮನೆ ಬೈದು ಕಳಿಸಿದೆ.

ಕಾಕಾ ಕೇಳಿ ಕೂಗಾಡಿದರು. "ನನ್ನ ಹೆಂಡತಿ ಹೆಸರಿನಿಂದ ನನ್ನ ಹೆಸರಿಗಿ ಬಂದದ. ಇದರಾಗ ಕೀಲಿ ಹಾಕೂದು ಏನು ಬಂತು? ನಾವೇನು ಕಳ್ಳರೇನು?"

ಹಬೀಬ ಸಾಹೇಬರನ್ನೇ ಕೇಳೋಣ ಎಂದು ಬೀದರಿಗೆ ಹೊರಟೆವು. ಬಸ್ ನಿಲ್ದಾಣಕ್ಕೆ ಬಂದರೆ ಕಾಕು ಚೀಲ ಹಿಡಿದು ನಿಂತಿದ್ದರು.

"ನೀ ಯಾಕ?" ಅಂದರು ಕಾಕಾ.

"ಹಳೀ ಮಾಲಕರ ಫೋನ್ ನಂದಲ್ಲ? ಅಲ್ಲಿ ಏನರ ಕೇಳಿದ್ರ?" ಅಂದರು ಕಾಕು. ಆ ಮಾತಿನಲ್ಲಿ ಏನೋ ಇತ್ತು. ಕಾಕಾಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು, ಆದರೆ ನಾನು ಗಂಡ ಹೆಂಡಿರ ನಡುವೆ ಹೋಗುವವನಲ್ಲ.

ನೌಬಾದದಲ್ಲಿ ಹಬೀಬ ಸಾಹೇಬರ ದುಕಾನ ಅರ್ಧ ಖಾಲಿಯಾಗಿತ್ತು. ಕಪ್ಪು ಕನ್ನಡಕ ಹಾಕಿಕೊಂಡು, ಕಂಪ್ಯೂಟರಿಗೆ ಮೂಗು ತಾಗುವಷ್ಟು ಹತ್ತಿರ ಕುಳಿತಿದ್ದರು. ನಮ್ಮ ಕಥೆಯೆಲ್ಲ ಕೇಳಿ, ಪರದೆ ನೋಡಿ, ತಲೆ ಅಲ್ಲಾಡಿಸಿದರು.

"ಇದು ನನ್ನ ಕೈಯಾಗಿಲ್ಲ ಪಂಢರಿ ಸಾಬ್. ಚೌಕದಾಗ ಗುರುತು ಹಾಕಲಾರದೆ ಹೆಸರು ಬದಲಾತು ಅಂದ್ರ ಕೀಲಿ ಬೀಳೂದೇ. ಮೇಲಿನವರೂ ತಗಿಯಂಗಿಲ್ಲ."

"ಆದ್ರ ಯಾಕ್ರಿ? ಇಂಥಾ ಕಾನೂನು ಯಾರಿಗಿ ಬೇಕಾಗಿತ್ತು?"

"ಕಳ್ಳತನಾ ಆಗತಾವ್ರಿ. ಒಬ್ಬಾವ ಇನ್ನೊಬ್ಬರ ಫೋನ್ ತಗೊಂಡು, ಒಪ್ಪಿಗಿ ಒತ್ತಿ, ಹೆಸರು ತನ್ನದು ಮಾಡ್ಕೋತಾನ. ಮಾಡ್ಕೊಂಡು ಆವತ್ತೇ ಬ್ಯಾರೆ ದೇಶದ ಕಂಪನಿಗಿ ಸಾಗಸ್ತಾನ. ಆಮ್ಯಾಲ ಮಾಲಕ ಎಲ್ಲಿ ಹೋಗಿ ಅಳಬೇಕು? ಅದಕ್ಕ ಅರವತ್ತು ದಿನಾ. ಅಷ್ಟರಾಗ ಖರೇ ಮಾಲಕಗ ಸುದ್ದಿ ಗೊತ್ತಾಗಲಿ, ದೂರು ಕೊಡಲಿ ಅಂತ."

ಕಾಕು ಅಲ್ಲಿಯತನಕ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನಿದ್ದರು. "ದೂರು ಕೊಟ್ಟರ ಏನ್ ಮಾಡ್ತೀರಿ?" ಎಂದು ಕೇಳಿದರು.

"ನಾ ಇಬ್ಬರಿಗೂ ಬರದು ಕೇಳ್ತೇನ್ರಿ ಬಾಯಿ. ಹಳೀ ಮಾಲಕರ ಒಪ್ಪಿಗಿ ಇರಲಿಲ್ಲ ಅಂತ ಖಾತ್ರಿ ಆತು ಅಂದ್ರ, ಆ ಬದಲಾವಣಿ ಆಗೇ ಇಲ್ಲ ಅಂತ ರದ್ದು ಮಾಡಸ್ತೇನಿ. ಹೆಸರು ಹಿಂದಕ್ಕ ಬರ್ತದ."

"ಕೀಲಿ?"

"ಬದಲಾವಣಿನೇ ಆಗಿಲ್ಲ ಅಂದ ಮ್ಯಾಲ ಕೀಲಿ ಎಲ್ಲಿಂದ ಬರ್ತದ? ಅದೂ ಹೋಗ್ತದ."

"ಹಾಂಗಾದ್ರ ನಾ ದೂರು ಕೊಡ್ತೇನಿ," ಅಂದರು ಕಾಕು.

ಕಾಕಾ ತೊಡೆ ಬಡಿದುಕೊಂಡು ನಕ್ಕರು. "ಶಾಬಾಸ್! ನೋಡ್ರಿ ಸಾಹೇಬ್ರ, ನಾವು ಮೂರು ಮಂದಿ ಗಂಡಸರು ತಲಿ ಕೆರಕೋತ ಕುಂತೀವಿ, ಈಕಿ ಹಾದಿ ಹುಡಕ್ಯಾಳ. ಕೊಡು, ಕೊಡು, ನನ್ನ ಮ್ಯಾಲ ದೂರು ಕೊಡು!"

ನನಗೂ ನಗೆ ಬಂತು, ನಿರಾಳವೂ ಆಯಿತು. ನನ್ನ ತಪ್ಪು ಇಷ್ಟು ಸಲೀಸಾಗಿ ಅಳಿಸಿ ಹೋಗುವುದಾದರೆ ನನಗೇನು ಬೇಡವೆ? ಹಬೀಬ ಸಾಹೇಬರು ಮಾತ್ರ ನಗಲಿಲ್ಲ. ಕಪ್ಪು ಕನ್ನಡಕ ತೆಗೆದು ಕಾಕುವಿನ ಮುಖ ಇದ್ದ ಕಡೆ ತಿರುಗಿದರು.

"ಬಾಯಿ, ಸುಳ್ಳ ಕಾಗದ ನಾ ಕಳಸಂಗಿಲ್ಲ. ಖರೇ ಹೇಳ್ರಿ. ನಿಮ್ಮ ಒಪ್ಪಿಗಿ ಇತ್ತೋ, ಇರಲಿಲ್ಲೋ?"

"ಇರಲಿಲ್ರಿ. ನಾ ವಿಹಾರದಾಗ ಇದ್ದೆ. ಔರಾದದಾಗ ಕಾರ್ಡ್ ಓದಿದಾಗ ನನಗ ಗೊತ್ತಾತು."

"ಮತ್ತ ಬರದು ಕೊಡ್ರಿ. ನಿಮ್ಮ ಕೈಯಿಂದನೇ ಬರೀರಿ."

ಕಾಕು ಬರೆಯಲು ಬಹಳ ಹೊತ್ತು ತೆಗೆದುಕೊಂಡರು. ನಾನು ಬರೆದುಕೊಡುತ್ತೇನೆ ಅಂದದ್ದಕ್ಕೆ ಬೇಡ ಎಂದು ಕೈ ಮಾಡಿದರು. ಬಸ್‌ಬಂತು ನನ್ನ ಹೆಸರಲ್ಲಿ ಇತ್ತು. ನನ್ನನ್ನು ಕೇಳದೆ ನನ್ನ ಫೋನ್ ತೆಗೆದುಕೊಂಡು ಬದಲು ಮಾಡಿದ್ದಾರೆ. ನನ್ನ ಹೆಸರಿಗೆ ತಿರುಗಿ ಮಾಡಿ ಕೊಡಬೇಕು. ಮೂರು ಸಾಲು, ಕೆಳಗೆ ಸಹಿ. ಅದರ ಕೆಳಗೆ ಹಬೀಬ ಸಾಹೇಬರು ಕಾಕಾನಿಂದ ಬರೆಸಿದರು: ಮೇಲಿನದು ನಿಜ, ನಾನು ಕೇಳಿರಲಿಲ್ಲ. ಕಾಕಾ ನಗುನಗುತ್ತ ಸಹಿ ಹಾಕಿ, ತಾರೀಖನ್ನೂ ಬರೆದರು. ಅವರು ನಗುತ್ತಿದ್ದುದನ್ನು ಕಾಕು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಾಕಾ ಕಂಡಕ್ಟರಿಗೆ ಹೆಂಡತಿಯ ಶಾಣ್ಯಾತನದ ಕಥೆಯನ್ನು ಎರಡು ಸಲ ಹೇಳಿದರು. ಎರಡನೆಯ ಸಲ ಅದಕ್ಕೆ ಕೈಕಾಲು ಬೆಳೆದಿದ್ದವು. ಕಾಕು ಕಿಟಕಿಯ ಕಡೆ ಕುಳಿತು ನಿದ್ದೆ ಮಾಡಿದರು, ಅಥವಾ ಹಾಗೆ ತೋರಿಸಿಕೊಂಡರು.

ಮೇಲಿನ ಕಂಪನಿ ಹತ್ತು ದಿನ ಸತಾಯಿಸಿತು. ಹಬೀಬ ಸಾಹೇಬರು ಬಿಡದೆ ಬೆನ್ನು ಹತ್ತಿದರು. ದುಕಾನ ಮುಚ್ಚುವ ಮೊದಲು ಇದೊಂದು ಮುಗಿಸುತ್ತೇನೆ ಎಂದು ನನಗೆ ಫೋನಿನಲ್ಲಿ ಹೇಳಿದ್ದರು. ಜುಲೈ ಇಪ್ಪತ್ತಕ್ಕೆ ಬದಲಾವಣೆ ರದ್ದಾಯಿತು. ಮಾಲಕರ ಹೆಸರು ಶಾಲುಬಾಯಿ ಎಂದು ಮತ್ತೆ ಬಂತು, ಕೀಲಿ ಹೋಯಿತು. ಹೊಸ ಕಂಪನಿಗೆ ಕೊಡಬೇಕಾದ ಗುಪ್ತಸಂಖ್ಯೆ ಮರುದಿನ ಬೆಳಿಗ್ಗೆ ಕಾಕುವಿನ ಮೊಬೈಲಿಗೆ ಬಂತು.

ಗಂಡ ಹೆಂಡತಿ ಇಬ್ಬರೂ ಹನ್ನೊಂದಕ್ಕೆ ಅಂಗಡಿಗೆ ಬಂದರು. ಕಾಕಾ ಈಗ ನಿತ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕುತ್ತಿದ್ದರು. ಬೆಳಿಗ್ಗೆ ಎದ್ದು ಭಾಲ್ಕಿ ನಿಲ್ದಾಣಕ್ಕೆ ಹೋಗಿ ಕಂಟ್ರೋಲರ್ ಕಿಟಕಿಯ ಹತ್ತಿರ ನಿಲ್ಲುತ್ತಾರೆ, ಬಸ್ ತಡವಾದರೆ ಒಳಗಿದ್ದವನಿಗಿಂತ ಮೊದಲು ಇವರೇ ಬೈಯುತ್ತಾರೆ, ಆ ಹುಡುಗನಿಗೆ ಸಾಕಾಗಿದೆ ಎಂದು ಕೇಳಿದ್ದೆ. ನಾನು ಹೊಸ ಕಂಪನಿಯ ಹಾಳೆ ತೆರೆದೆ. ಕಾಕು ಗುಪ್ತಸಂಖ್ಯೆಯನ್ನು ಒಂದೊಂದೇ ಅಕ್ಷರ ಓದಿ ಹೇಳಿದರು, ಕಂಪನಿ ಅದನ್ನು ಒಪ್ಪಿಕೊಂಡಿತು. ಆಮೇಲೆ ಮಾಲಕರ ಹೆಸರು ಎಂಬ ಖಾನೆ ಬಂತು.

"ಈಗ ನನ್ನ ಹೆಸರು ಹಾಕಿಬಿಡು," ಅಂದರು ಕಾಕಾ. "ಹೊಸಾ ಕಂಪನಿ. ಒಮ್ಮಿಗೇ ಮುಗದು ಹೋಗಲಿ."

"ಬ್ಯಾಡ," ಅಂದರು ಕಾಕು.

"ಯಾಕ ಬ್ಯಾಡ? ಕೀಲಿ ತಗಸಾಕಂತ ಅಲ್ಲೇನು ನೀ ದೂರು ಕೊಟ್ಟಿದ್ದು?"

"ನಿಮಗ ಹಂಗ ಅನಸ್ತು. ನಾ ಖರೇನ ದೂರು ಕೊಟ್ಟೀನಿ."

ಕಾಕಾ ನನ್ನ ಕಡೆ ನೋಡಿದರು, ನಾನು ಪರದೆಯ ಕಡೆ ನೋಡಿದೆ. ಕಾಕು ದನಿ ಎತ್ತಲಿಲ್ಲ. ಫೋನಿನಲ್ಲಿ ಬಸ್ಸಿನ ವೇಳೆ ಹೇಳುವಾಗ ಮಾತಾಡುವ ಹಾಗೆಯೇ ಮಾತಾಡಿದರು.

"ಮನಿ ನಿಮ್ಮ ಹೆಸರಿಗಿ ಅದ. ನಮ್ಮಪ್ಪ ಮೆಹಕರದಾಗ ನನಗ ಕೊಟ್ಟಿದ್ದ ಒಂದು ಎಕರೆ ಮಾರಿ ಆ ಮನಿ ಕಟ್ಟಿಸೀರಿ. ನಾ ಏನೂ ಅನಲಿಲ್ಲ. ಇದು ನನ್ನ ಹೆಸರಿಗಿ ಇರಲಿ ಅಂತ ನಾ ಕೇಳಿದ್ದಿಲ್ಲ, ನಿಮ್ಮ ನೌಕರಿ ಸಲುವಾಗಿ ನೀವೇ ಇಟ್ರಿ. ಇಟ್ಟ ಮ್ಯಾಲ ನಾ ಅದನ್ನ ನಂದು ಅಂತ ತಿಳಕೊಂಡೆ. ಒಂಬತ್ತು ವರ್ಷ, ಉಣ್ಣೂದು ಬಿಟ್ಟು ಎದ್ದು ಫೋನ್ ಎತ್ತೀನಿ. ಆ ಸಭಾದಾಗ ಅವರು ಹೊಗಳಿದ್ದು ನನ್ನ ಕೆಲಸಾ. ಅದನ್ನ ನಾ ಮುಂದ ಕುಂತು ಕೇಳೀನಿ. ನಿಮ್ಮನ್ನ ಹೊಗಳಿದ್ದಕ್ಕ ನನಗ ಸಿಟ್ಟಿಲ್ಲ. ಆ ಕಾರ್ಡ್ ನನಗ ಬ್ಯಾರೆಯವರು ತಂದು ಕೊಟ್ರಲ್ಲ, ಅದು ಬಾಳ ಕೆಟ್ಟ ಅನಸ್ತು."

ಕಾಕಾನ ಮುಖದಲ್ಲಿ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ. ಸ್ವಲ್ಪ ಹೊತ್ತು ಮೇಜಿನ ಅಂಚು ಒರೆಸುತ್ತ ಕುಳಿತರು.

"ನಾ ರಿಟೈರ್ ಆಗೀನಿ ಶಾಲು," ಅಂದರು. "ಮುಂಜಾನೆ ಎದ್ದು ಎಲ್ಲಿ ಹೋಗಬೇಕು ತಿಳೀವಲ್ದು. ಕಿಟಕಿ ಒಳಗ ಕುಂತಾವ ನನಗ ನೋಡಿ ಮಾರಿ ತಿರವತಾನ. ನಂದು ಅಂತ ಏನರ ಒಂದು ಬೇಕು ಅನಸ್ತು. ಅಷ್ಟೇ."

"ಇದನ್ನ ಆವತ್ತು ನನಗ ಬಂದು ಹೇಳಬೇಕಿತ್ತು. ಕೇಳಿದ್ರ ಕೊಡ್ತಿದ್ದೆ."

ಅದು ಖರೆ ಎಂದು ನನಗೂ ಗೊತ್ತಿತ್ತು, ಕಾಕಾಗೂ ಗೊತ್ತಿತ್ತು. ಆಕೆ ಕೊಟ್ಟೇ ಬಿಡುತ್ತಿದ್ದರು, ಚಹಾ ಕೊಟ್ಟಷ್ಟು ಸಲೀಸಾಗಿ. ಕಾಕಾ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಕುಳಿತರು.

"ಈಗ ಕೇಳ್ತೇನಿ," ಅಂದರು. "ಕೊಡ್ತೀಯೇನು?"

ಕೇಳುವ ರೂಢಿ ಇಲ್ಲದವರ ದನಿ ಅದು. ನನಗೆ ಕೆಟ್ಟದೆನಿಸಿತು. ಹೂಂ ಅನ್ನಲಿ, ಮುಗಿದುಹೋಗಲಿ ಎಂದು ಒಳಗೊಳಗೇ ಅಂದುಕೊಂಡೆ.

"ಇಲ್ಲ," ಅಂದರು ಕಾಕು. "ಆವಾಗ ಕೊಡ್ತಿದ್ದೆ. ಈಗ ಕೊಡೂದಿಲ್ಲ. ಕೆಲಸಾ ಬೇಕಂದ್ರ ಮಾಡ್ರಿ, ಔರಾದ ಕಡಿ ಫೋನ್ ನಾಳಿಂದ ನೀವ ಎತ್ರಿ. ಹೆಸರು ಮಾತ್ರ ನಂದೇ ಇರಲಿ."

ಕಾಕಾ ಎದ್ದು, ಚಪ್ಪಲಿ ಮೆಟ್ಟಿಕೊಂಡು, ಅಂಗಡಿಯ ಮೆಟ್ಟಿಲ ಮೇಲೆ ಹೋಗಿ ಬೀದಿ ನೋಡುತ್ತ ಕುಳಿತರು. ಮನೆಗೆ ಹೋಗಲಿಲ್ಲ, ನಿಲ್ದಾಣಕ್ಕೂ ಹೋಗಲಿಲ್ಲ.

ಗಂಡ ಹೆಂಡಿರ ಮಾತು ಮುಗಿಯಿತಲ್ಲ ಎಂದು ನಾನು ಕೀಲಿಮಣೆಯ ಮೇಲೆ ಕೈ ಇಟ್ಟೆ.

"ನೀನೂ ಕೇಳಲಿಲ್ಲಪಾ ನಂದು," ಅಂದರು ಕಾಕು.

ಕೈ ಅಲ್ಲೇ ನಿಂತಿತು.

"ನಮ್ಮ ಮನಿ ಹಿಂದಿನ ಓಣ್ಯಾಗ ಅದ. ವಿಹಾರ ಅದರ ಮುಂದ ಅದ. ಆಟೊ ಬ್ಯಾಡ, ಬಸ್ ಬ್ಯಾಡ. ಒಂಬತ್ತು ವರ್ಷ ಈ ಸ್ಟೂಲ್ ಮ್ಯಾಲ ಕುಂತು ನಿನಗ ಟೈಮ್ ಹೇಳೀನಿ. ಯಾರ ಕೆಲಸಾ ಯಾರು ಮಾಡ್ತಾರ, ನಿನ್ನಷ್ಟು ಗೊತ್ತಿದ್ದಾವ ಯಾರೂ ಇರಲಿಲ್ಲ."

ಝೆರಾಕ್ಸಿಗೆ ಜನ ನಿಂತಿದ್ದರು ಎನ್ನಬಹುದಿತ್ತು. ಹಿರಿಯರ ಮಾತು, ಹೇಗೆ ತೆಗೆದುಹಾಕುವುದು ಎನ್ನಬಹುದಿತ್ತು. ನನಗೆ ನಾಚಿಕೆಯಾಯಿತು. ಪರದೆಯ ಮೇಲೆ ಖಾನೆ ಖಾಲಿಯೇ ಇತ್ತು.

"ನಿಮ್ಮ ಹೆಸರು ಹಾಕಲೇನ್ರಿ ಕಾಕು?" ಎಂದು ಕೇಳಿದೆ.

"ಹಾಕು," ಅಂದರು.